ನಾದದ ಸಂಧಿ: ನುಡಿಸುತ್ತಲೇ ದನಿ ಬದಲಿಸುವ ವಿದ್ಯೆಯ ಚರಿತ್ರೆ

ಊರಿನ ಗಣೇಶೋತ್ಸವದ ಚಪ್ಪರದಲ್ಲಿ ನಡೆಯುವ ವಾದ್ಯಗೋಷ್ಠಿಯನ್ನಾಗಲಿ, ರೇಡಿಯೋದಲ್ಲಿ ಬರುವ ಸುಗಮ ಸಂಗೀತವನ್ನಾಗಲಿ ಕಿವಿಗೊಟ್ಟು ಕೇಳುವವರಿಗೆ ಒಂದು ಸಂಗತಿ ಪರಿಚಿತವಾಗಿಯೇ ಇರುತ್ತದೆ. ಪಲ್ಲವಿಗೆ ಮೊದಲು ಕೊಳಲಿನ ದನಿ ಕೇಳಿಸುತ್ತದೆ. ಪಲ್ಲವಿ ಮುಗಿಯುವಷ್ಟರಲ್ಲಿ ಹತ್ತಾರು ಪಿಟೀಲುಗಳು ಒಟ್ಟಾಗಿ ನುಡಿದಂತಾಗುತ್ತದೆ. ಚರಣದ ಕೊನೆಗೆ ಸಂತೂರಿನ ಹನಿಗಳು ಉದುರುತ್ತವೆ. ವೇದಿಕೆಯ ಮೇಲೆ ನೋಡಿದರೆ ಕೊಳಲಿನವರೂ ಇಲ್ಲ, ಪಿಟೀಲಿನವರೂ ಇಲ್ಲ. ಒಂದು ಕೀಬೋರ್ಡು, ಅದರ ಹಿಂದೆ ಒಬ್ಬ ವಾದಕ, ಅಷ್ಟೆ. ಆತನಿಗಿರುವುದು ಎರಡೇ ಕೈ. ಆ ಎರಡೂ ಸ್ವರ ನುಡಿಸುವುದರಲ್ಲಿ ತೊಡಗಿವೆ. ಹಾಗಾದರೆ ಕೊಳಲನ್ನು ಕೆಳಗಿಟ್ಟು ಪಿಟೀಲನ್ನು ಎತ್ತಿಕೊಂಡವರು ಯಾರು? ಎಷ್ಟು ಹೊತ್ತಿನಲ್ಲಿ?

ಪ್ರಶ್ನೆ ಸಣ್ಣದಾಗಿ ತೋರಬಹುದು. ಆದರೆ ಇದಕ್ಕೆ ಉತ್ತರ ಹುಡುಕುತ್ತ ಶಿಲ್ಪಿಗಳೂ ವಾದಕರೂ ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಕಾಲವನ್ನು ಕಳೆದಿದ್ದಾರೆ. ಎರಡು ಅಕ್ಷರಗಳು ನಡುವೆ ಕಾಲವಿಳಂಬವಿಲ್ಲದೆ ಕೂಡಿದರೆ ಅದನ್ನು ಸಂಧಿ ಎನ್ನುತ್ತೇವೆಂದು ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುತ್ತೇವಷ್ಟೆ. ಎರಡು ದನಿಗಳೂ ಹಾಗೆಯೇ. ಕಾಲವಿಳಂಬವಾದರೆ ಹಾಡು ಮುರಿಯಿತು. ವಿಳಂಬವಿಲ್ಲದೆ ಕೂಡಿದರೆ ಕೇಳುವವನಿಗೆ ಕೂಡಿಕೆಯೇ ತಿಳಿಯದು. ಈ ನಾದಸಂಧಿಯ ಚರಿತ್ರೆಯನ್ನು ಸ್ಥೂಲವಾಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಮೂಲದ ಮಾತು. ವೀಣೆಯ ಷಡ್ಜವೂ ಕೊಳಲಿನ ಷಡ್ಜವೂ ಶ್ರುತಿಯಲ್ಲಿ ಒಂದೇ. ಆದರೂ ಕಣ್ಣು ಮುಚ್ಚಿ ಕೇಳಿದವನು ಇದು ವೀಣೆ, ಇದು ಕೊಳಲು ಎಂದು ಬೇರ್ಪಡಿಸುತ್ತಾನೆ. ಈ ಭೇದವನ್ನು ನಾದದ ಬಣ್ಣ ಎನ್ನೋಣ. ವೈಣಿಕನ ಬೆರಳು ತಂತಿಯನ್ನೇ ಮುಟ್ಟುತ್ತದೆ, ಕೊಳಲಿನವನ ಉಸಿರು ಬಿದಿರನ್ನೇ ಹೊಗುತ್ತದೆ. ಆದ್ದರಿಂದ ಅವರ ಬಣ್ಣ ಅವರ ವಾದ್ಯಕ್ಕೆ ಅಂಟಿಕೊಂಡಿದೆ. ಕೀ ಇರುವ ವಾದ್ಯದ ಸ್ಥಿತಿ ಬೇರೆ. ಅಲ್ಲಿ ಬೆರಳಿಗೂ ದನಿ ಹುಟ್ಟುವ ಜಾಗಕ್ಕೂ ನಡುವೆ ಸನ್ನೆಕೋಲಿದೆ, ಇಲ್ಲವೆ ತಂತಿಯಿದೆ, ಇಲ್ಲವೆ ವಿದ್ಯುತ್ತಿದೆ. ಬೆರಳು ಅಪ್ಪಣೆ ಕೊಡುತ್ತದೆ, ಕೆಲಸ ಮಾಡುವವರು ಇನ್ನಾರೋ. ಕೆಲಸದವರನ್ನು ಬದಲಿಸಿದರೆ ಅದೇ ಅಪ್ಪಣೆಗೆ ಬೇರೆ ದನಿ ಬರುತ್ತದೆ. ಕೀಬೋರ್ಡು ವಾದ್ಯಗಳ ಬಲವೂ ದೌರ್ಬಲ್ಯವೂ ಈ ಒಂದು ದೂರದಲ್ಲೇ ಅಡಗಿವೆ.

ಕ್ರಿಸ್ತಪೂರ್ವ ೩ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದ ಕ್ಟೆಸಿಬಿಯಸ್ ಎಂಬ ಶಿಲ್ಪಿ ನೀರಿನ ಒತ್ತಡದಿಂದ ಗಾಳಿಯನ್ನು ಹದದಲ್ಲಿಟ್ಟು ಕೊಳವೆಗಳನ್ನು ನುಡಿಸುವ ಯಂತ್ರವನ್ನು ಮಾಡಿದನು. ಆರ್ಗನ್ ವಾದ್ಯದ ಆದಿ ಅದು. ರೋಮಿನ ವಾಸ್ತುಗ್ರಂಥಕಾರ ವಿಟ್ರೂವಿಯಸ್ ಈ ವಾದ್ಯವನ್ನು ವರ್ಣಿಸುವಾಗ ನಾಲ್ಕು, ಆರು ಅಥವಾ ಎಂಟು ಗಾಳಿಯ ಕಾಲುವೆಗಳನ್ನೂ, ಅವನ್ನು ತೆರೆದು ಮುಚ್ಚಲು ಕಬ್ಬಿಣದ ಹಿಡಿಗಳುಳ್ಳ ಬಿರಟೆಗಳನ್ನೂ ಹೇಳುತ್ತಾನೆ. ಬೇಕಾದ ಸಾಲಿಗೆ ಗಾಳಿ, ಬೇಡದ ಸಾಲಿಗೆ ತಡೆ. ಇದು ಬರಿಯ ಪುಸ್ತಕದ ಮಾತಲ್ಲವೆಂಬುದಕ್ಕೆ ಸಾಕ್ಷಿಯೂ ದೊರೆತಿದೆ. ಹಂಗೆರಿಯ ಬುಡಾಪೆಸ್ಟಿನ ನೆಲದಲ್ಲಿ ೧೯೩೧ರಲ್ಲಿ ಪ್ರಾಚೀನ ಅಕ್ವಿಂಕಂ ಪಟ್ಟಣದ ಒಂದು ಪುಟ್ಟ ಆರ್ಗನ್ನಿನ ಲೋಹದ ಭಾಗಗಳು ಸಿಕ್ಕಿದವು. ಅದರ ಫಲಕದ ಮೇಲಿನ ಬರಹದಿಂದ ಅದು ಕ್ರಿಸ್ತಶಕ ೨೨೮ರದೆಂದು ತಿಳಿಯಿತು. ಸಾಲಿಗೆ ೧೩ರಂತೆ ನಾಲ್ಕು ಸಾಲು, ಒಟ್ಟು ೫೨ ಕೊಳವೆಗಳು. ಅಂದಮೇಲೆ ಕನ್ನಡದ ಹಲ್ಮಿಡಿ ಶಾಸನ ಹುಟ್ಟುವುದಕ್ಕಿಂತ ಮುಂಚೆಯೇ ಒಬ್ಬ ವಾದಕ ಯಾವ ಸಾಲನ್ನು ನುಡಿಸಲಿ, ಯಾವುದನ್ನು ಮೌನವಾಗಿಡಲಿ ಎಂದು ಯೋಚಿಸಿದ್ದನೆಂದಾಯಿತು.

ವಿಚಿತ್ರವೆಂದರೆ ಈ ವಿದ್ಯೆ ಮುಂದೆ ಮರೆತುಹೋಯಿತು. ಯೂರೋಪಿನ ಮಧ್ಯಯುಗದ ದೊಡ್ಡ ಆರ್ಗನ್ನುಗಳಲ್ಲಿ ಒಂದು ಕೀ ಒತ್ತಿದರೆ ಆ ಸ್ವರದ ಎಲ್ಲ ಕೊಳವೆಗಳೂ ಒಟ್ಟಿಗೆ ಮೊರೆಯುತ್ತಿದ್ದವು. ಬಲವುಂಟು, ಬಣ್ಣಭೇದವಿಲ್ಲ. ೧೫ನೆಯ ಶತಮಾನದ ವೇಳೆಗೆ ಶಿಲ್ಪಿಗಳು ಸಾಲುಗಳನ್ನು ಮತ್ತೆ ಬೇರ್ಪಡಿಸಿ, ಪ್ರತಿಯೊಂದಕ್ಕೂ ಎಳೆಯುವ ಗುಬಟನ್ನು ಇಟ್ಟರು. ಇದೇ ‘ಸ್ಟಾಪ್’. ನಮ್ಮ ಹಾರ್ಮೋನಿಯಂ ಪೆಟ್ಟಿಗೆಯ ಮುಂಭಾಗದಲ್ಲಿ ಸಾಲಾಗಿ ಕಾಣುವ ಗುಬಟುಗಳು ಈ ವಂಶದವೇ.

ಆದರೆ ಗುಬಟು ಎಳೆಯಲು ಕೈ ಬೇಕಲ್ಲ! ವಾದಕನ ಕೈ ಬಿಡುವಿಲ್ಲ. ಇದಕ್ಕೆ ಆ ಕಾಲದವರು ಎರಡು ಉಪಾಯಗಳನ್ನು ಕಂಡುಕೊಂಡರು. ಒಂದು, ಕೀಗಳ ಸಾಲನ್ನೇ ಎರಡು ಮೂರು ಅಂತಸ್ತಾಗಿ ಕಟ್ಟುವುದು. ಕೆಳಗಿನ ಅಂತಸ್ತಿಗೆ ಗಂಭೀರ ದನಿ, ಮೇಲಿನದಕ್ಕೆ ಮೃದು ದನಿ. ಕೈ ಮೇಲೇರಿದರೆ ಬಣ್ಣ ಬದಲಾಯಿತು. ಎರಡು, ಪಕ್ಕದಲ್ಲಿ ಸಹಾಯಕನನ್ನು ನಿಲ್ಲಿಸುವುದು. ವಾದಕ ತಲೆಯಾಡಿಸಿದಾಗ ಸಹಾಯಕ ಗುಬಟು ಎಳೆಯಬೇಕು. ಅವನು ಒಂದು ಮಾತ್ರೆ ತಪ್ಪಿದರೆ ಇಡೀ ದೇವಾಲಯಕ್ಕೆ ಕೇಳಿಸುತ್ತದೆ. ತಪ್ಪದಿದ್ದರೆ ಅವನಿದ್ದನೆಂದೇ ಯಾರಿಗೂ ತಿಳಿಯುವುದಿಲ್ಲ. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ ಮಹಾಶಯನು ಸ್ಟಾಪುಗಳನ್ನು ಜೋಡಿಸುತ್ತಿದ್ದ ರೀತಿಯನ್ನು ನೋಡಿ ಇತರ ವಾದಕರು ಗಾಬರಿಯಾಗುತ್ತಿದ್ದರೆಂದೂ, ನುಡಿಸಿದ ಮೇಲೆ ಬೆರಗಾಗುತ್ತಿದ್ದರೆಂದೂ ಅವನ ಮಗ ಕಾರ್ಲ್ ಫಿಲಿಪ್ ಇಮ್ಯಾನುಯಲ್ ಬರೆದಿಟ್ಟಿದ್ದಾನೆ. ನಾದದ ಬಣ್ಣವನ್ನು ಆರಿಸುವುದು ವಾದನದಷ್ಟೇ ದೊಡ್ಡ ವಿದ್ಯೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

೧೮ನೆಯ ಶತಮಾನದಲ್ಲಿ ಕೈಯ ಕೆಲಸವನ್ನು ಕಾಲಿಗೂ ಮೊಣಕಾಲಿಗೂ ಹಂಚುವ ಯೋಚನೆ ಬಂತು. ತಂತಿಗಳನ್ನು ಮೀಟುವ ಹಾರ್ಪ್ಸಿಕಾರ್ಡ್ ಎಂಬ ವಾದ್ಯಕ್ಕೆ ಲಂಡನ್ನಿನ ಷೂಡಿ ಮತ್ತು ಕರ್ಕ್‌ಮನ್ ಎಂಬ ತಯಾರಕರು ಪೆಡಲನ್ನು ಜೋಡಿಸಿದರು. ಅದನ್ನು ಮೆಟ್ಟಿದೊಡನೆ ಒಂದು ಜೋಡಣೆ ಹೋಗಿ ಇನ್ನೊಂದು ಬರುತ್ತಿತ್ತು. ಪ್ಯಾರಿಸ್ಸಿನ ಪಾಸ್ಕಲ್ ತಾಸ್ಕೆನ್ ಮೊಣಕಾಲಿನಿಂದ ತಳ್ಳುವ ಸನ್ನೆಗಳನ್ನು ಇಟ್ಟನು. ೧೮೦೦ರ ಸುಮಾರಿನಲ್ಲಿ ವಿಯೆನ್ನಾದ ಪಿಯಾನೋಗಳಿಗೆ ನಾಲ್ಕೈದು ಪೆಡಲುಗಳಿರುವುದು ಸಾಮಾನ್ಯವಾಗಿತ್ತು. ಒಂದನ್ನು ಮೆಟ್ಟಿದರೆ ತಂತಿಯ ಮೇಲೆ ಕಾಗದ ಕೂತು ಗೊರಗೊರ ಎನ್ನುವುದು, ಇನ್ನೊಂದನ್ನು ಮೆಟ್ಟಿದರೆ ಬಟ್ಟೆಯ ಅಂಚು ಅಡ್ಡ ಬಂದು ದನಿ ಮೆತ್ತಗಾಗುವುದು, ಮತ್ತೊಂದಕ್ಕೆ ಡೋಲೂ ಗಂಟೆಯೂ ಒಟ್ಟಿಗೆ ಬಾರಿಸುವುದು! ಅಭಿರುಚಿ ಬದಲಾದಂತೆ ಇವೆಲ್ಲ ಉದುರಿಹೋಗಿ ಪಿಯಾನೋಕ್ಕೆ ಎರಡು ಮೂರು ಪೆಡಲುಗಳು ಮಾತ್ರ ಉಳಿದವು. ಬಣ್ಣ ಹೆಚ್ಚಿದಷ್ಟೂ ಸಂಗೀತ ಹೆಚ್ಚುತ್ತದೆಂಬ ನಿಯಮವಿಲ್ಲವೆಂದು ಚರಿತ್ರೆ ಮೊದಲ ಸಲ ಹೇಳಿದ್ದು ಆಗ.

೧೯ನೆಯ ಶತಮಾನದಲ್ಲಿ ಒಂದು ದೊಡ್ಡ ತತ್ತ್ವ ಹೊರಬಂತು. ಅದೆಂದರೆ, ಮೊದಲೇ ಸಿದ್ಧಮಾಡಿಟ್ಟುಕೊಂಡು ಬೇಕಾದಾಗ ಕರೆಯುವುದು. ಫ್ರಾನ್ಸಿನ ಅರಿಸ್ಟೀಡ್ ಕವಾಯೇ-ಕೋಲ್ ಎಂಬ ಶಿಲ್ಪಿ ೧೮೪೧ರಲ್ಲಿ ಸೇಂಟ್ ಡೆನಿಯ ದೇವಾಲಯದಲ್ಲಿಯೂ, ೧೮೬೨ರಲ್ಲಿ ಪ್ಯಾರಿಸ್ಸಿನ ಸೇಂಟ್ ಸಲ್ಪೀಸ್ ದೇವಾಲಯದಲ್ಲಿಯೂ ಮಹಾ ಆರ್ಗನ್ನುಗಳನ್ನು ನಿಲ್ಲಿಸಿದನು. ಎರಡನೆಯದಕ್ಕೆ ೧೦೦ ಸ್ಟಾಪುಗಳು, ಐದು ಅಂತಸ್ತಿನ ಕೀಗಳು. ಅವನ ಉಪಾಯ ಸರಳ: ಸ್ಟಾಪುಗಳನ್ನು ಮುಂಚಿತವಾಗಿ ಎಳೆದಿಟ್ಟರೂ ಆ ಗುಂಪಿಗೆ ಗಾಳಿ ಹೋಗದಂತೆ ತಡೆದಿಡುವುದು. ಸಮಯ ಬಂದಾಗ ವಾದಕ ಕಾಲಿನಿಂದ ಪೆಡಲನ್ನು ಮೆಟ್ಟಿದರೆ ಗಾಳಿ ನುಗ್ಗಿ ಇಡೀ ಗುಂಪು ಒಮ್ಮೆಗೇ ದನಿಗೂಡುತ್ತದೆ. ಇಂಗ್ಲೆಂಡಿನ ಹೆನ್ರಿ ವಿಲ್ಲಿಸ್ ೧೮೫೧ರ ಲಂಡನ್ ಮಹಾಪ್ರದರ್ಶನಕ್ಕಾಗಿ ಕಟ್ಟಿದ ಆರ್ಗನ್ನಿನಲ್ಲಿ ಕೀಸಾಲಿನ ಅಡಿಯಲ್ಲೇ ಪುಟ್ಟ ಗುಂಡಿಗಳನ್ನಿಟ್ಟನು. ಬೆರಳುಗಳು ಸ್ವರವನ್ನು ಬಿಡದೆ ಹಿಡಿದಿರುವಾಗಲೇ ಹೆಬ್ಬೆರಳು ಕೆಳಗಿನ ಗುಂಡಿಯನ್ನು ಒತ್ತಿದರೆ ಸ್ಟಾಪುಗಳ ಒಂದು ಪೂರ್ಣ ಜೋಡಣೆ ಬದಲಾಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಸಹಾಯಕನ ಕೆಲಸ ಹೆಬ್ಬೆರಳಿಗೆ ಬಂದಂತಾಯಿತು.

ಈ ವಿದ್ಯೆ ದೇವಾಲಯದಿಂದ ಚಿತ್ರಮಂದಿರಕ್ಕೆ ಇಳಿದದ್ದು ೨೦ನೆಯ ಶತಮಾನದ ಆರಂಭದಲ್ಲಿ. ಮೂಕಚಿತ್ರಗಳ ಕಾಲ ಅದು. ಪರದೆಯ ಮೇಲೆ ಕುದುರೆ ಓಡಿದರೆ ಗೊರಸಿನ ಸದ್ದು, ನಾಯಕಿ ಅತ್ತರೆ ಪಿಟೀಲಿನ ದನಿ, ರೈಲು ಬಂದರೆ ಸೀಟಿ, ಎಲ್ಲವನ್ನೂ ಒಬ್ಬನೇ ವಾದಕ ಆಯಾ ಕ್ಷಣಕ್ಕೆ ಒದಗಿಸಬೇಕು. ಇಂಗ್ಲೆಂಡಿನ ರಾಬರ್ಟ್ ಹೋಪ್-ಜೋನ್ಸ್ ಎಂಬಾತ ಅಮೆರಿಕಕ್ಕೆ ಹೋಗಿ ೧೯೧೦ರಲ್ಲಿ ವುರ್ಲಿಟ್ಜರ್ ಕಂಪೆನಿಯನ್ನು ಸೇರಿ, ವಿದ್ಯುತ್ತಿನ ಸಹಾಯದಿಂದ ಇಂಥ ವಾದ್ಯವನ್ನು ರೂಪಿಸಿದನು. ಎಳೆಯುವ ಗುಬಟುಗಳಿಗೆ ಬದಲು ಬೆರಳ ತುದಿಯಿಂದ ತಟ್ಟುವ ಬಣ್ಣಬಣ್ಣದ ನಾಲಗೆಗಳು, ವಾದಕನ ಸುತ್ತ ಕುದುರೆಲಾಳದ ಆಕಾರದಲ್ಲಿ ಜೋಡಿಸಲ್ಪಟ್ಟಿದ್ದವು. ಯಾವುದೂ ಕೈಗೆ ದೂರವಲ್ಲ. ೧೯೨೭ರಲ್ಲಿ ವಾಕ್ಚಿತ್ರ ಬಂದ ಮೇಲೆ ಈ ವಾದಕರ ಬಾಳು ತಲೆಕೆಳಗಾಯಿತು. ದನಿ ಚಿತ್ರದಲ್ಲೇ ಅಚ್ಚಾಗಿ ಬರುವಾಗ ವಾದಕನಿಗೇನು ಕೆಲಸ? ಕೆಲವರಿಗೆ ಆಶ್ರಯ ಕೊಟ್ಟದ್ದು ರೇಡಿಯೋ. ಬಿ.ಬಿ.ಸಿ. ಸಂಸ್ಥೆ ೧೯೩೬ರಲ್ಲಿ ಲಂಡನ್ನಿನ ಸೇಂಟ್ ಜಾರ್ಜಸ್ ಹಾಲಿನಲ್ಲಿ ಪ್ರಸಾರಕ್ಕೆಂದೇ ಇಂಥದೊಂದು ಆರ್ಗನ್ನನ್ನು ಸ್ಥಾಪಿಸಿತು. ಮುಂದೆ ಯುದ್ಧದ ಬಾಂಬಿಗೆ ಅದು ಆಹುತಿಯಾಯಿತು.

ಇನ್ನು ನಮ್ಮ ನಾಡಿನ ಕಡೆ ತಿರುಗೋಣ. ೧೮೪೦ರ ಸುಮಾರಿಗೆ ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ ರೂಪಿಸಿದ ಹಾರ್ಮೋನಿಯಂ ಕಾಲಿನಿಂದ ತಿದಿಯೊತ್ತುವ ವಾದ್ಯವಾಗಿತ್ತು. ಅದು ಭಾರತಕ್ಕೆ ಬಂದು, ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯಾಯಿತು. ಒಂದು ಕೈ ತಿದಿಗೆ ಹೋದದ್ದರಿಂದ ಸ್ವರಕ್ಕೆ ಉಳಿದದ್ದು ಒಂದೇ ಕೈ. ಗುಬಟುಗಳೇನೋ ಇದ್ದವು, ಒಂದನ್ನು ಎಳೆದರೆ ಮಂದ್ರದ ರೀಡುಗಳು ಸೇರುವುದು, ಇನ್ನೊಂದನ್ನು ಎಳೆದರೆ ಷಡ್ಜದ ಶ್ರುತಿ ನಿಲ್ಲುವುದು. ಆದರೆ ನಡುಹಾಡಿನಲ್ಲಿ ಅವನ್ನು ಎಳೆಯಲು ಮೂರನೆಯ ಕೈಯಿಲ್ಲ. ಹೀಗಾಗಿ ನಮ್ಮ ವಾದಕರು ಮೊದಲೇ ಒಂದು ಬಣ್ಣವನ್ನು ನಿಶ್ಚಯಿಸಿ, ಉಳಿದ ವೈವಿಧ್ಯವನ್ನೆಲ್ಲ ಬೆರಳಿನಿಂದಲೂ ತಿದಿಯ ಒತ್ತಡದಿಂದಲೂ ತಂದರು. ಕಂಪೆನಿ ನಾಟಕಗಳ ಪೆಟ್ಟಿಗೆ ಮಾಸ್ತರರು ಕಾಲಿನಿಂದ ತಿದಿಯೊತ್ತುತ್ತ ಎರಡೂ ಕೈಗಳಿಂದ ರಂಗವನ್ನು ತುಂಬುತ್ತಿದ್ದುದನ್ನು ಹಿರಿಯರು ಬಲ್ಲರು.

ಈ ವಾದ್ಯಕ್ಕೆ ದೊಡ್ಡ ಆಪತ್ತು ಬಂದದ್ದು ಬಾನುಲಿಯಿಂದಲೇ. ೧೯೪೦ರಲ್ಲಿ ಆಲ್ ಇಂಡಿಯಾ ರೇಡಿಯೋ ತನ್ನ ಸ್ಟುಡಿಯೋಗಳಿಂದ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. ಅದರ ಸ್ವರಗಳು ಅಚಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರದು, ಗಮಕ ಅದಕ್ಕೆ ಒಲಿಯದು ಎಂಬುದು ಮುಖ್ಯ ಆಕ್ಷೇಪ. ರವೀಂದ್ರನಾಥ ಠಾಕೂರರಂಥವರೂ ಆ ವಾದ್ಯಕ್ಕೆ ವಿರೋಧಿಗಳಾಗಿದ್ದರು. ೧೯೭೧ರಲ್ಲಿ ಬಹಿಷ್ಕಾರ ಸಡಿಲವಾಗುವವರೆಗೆ, ಮೂವತ್ತು ವರ್ಷಗಳಿಗೂ ಮಿಗಿಲಾಗಿ, ಎಷ್ಟೋ ಮಂದಿ ಒಳ್ಳೆಯ ವಾದಕರಿಗೆ ಆ ವಾದ್ಯದೊಡನೆ ಧ್ವನಿವರ್ಧಕದ ಮುಂದೆ ಕೂರುವ ಅವಕಾಶವಿರಲಿಲ್ಲ. ಆಕ್ಷೇಪದಲ್ಲಿ ಸತ್ಯಾಂಶವಿತ್ತೆಂಬುದನ್ನು ಒಪ್ಪಬೇಕು. ಆದರೆ ವಾದ್ಯದ ದೋಷಕ್ಕೆ ವಾದಕನು ದಂಡ ತೆತ್ತನೆಂಬುದನ್ನೂ ಮರೆಯಬಾರದು. ಬೆರಳಿಗೂ ದನಿಗೂ ನಡುವಿನ ದೂರವೆಂದು ಮೊದಲು ಹೇಳಿದೆವಷ್ಟೆ; ಆ ದೂರದ ಬೆಲೆ ಇದು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ಲಾರೆನ್ಸ್ ಹ್ಯಾಮಂಡ್ ಎಂಬಾತ ೧೯೩೫ರಲ್ಲಿ ಕೊಳವೆಯೇ ಇಲ್ಲದ ಆರ್ಗನ್ನನ್ನು ಹೊರತಂದನು. ಹಲ್ಲುಗಳುಳ್ಳ ಲೋಹದ ಪುಟ್ಟ ಚಕ್ರಗಳು ಅಯಸ್ಕಾಂತದ ಮುಂದೆ ತಿರುಗಿದಾಗ ಹುಟ್ಟುವ ವಿದ್ಯುತ್ತಿನ ಏರಿಳಿತವೇ ಅಲ್ಲಿ ನಾದ. ಪ್ರತಿ ಸ್ವರದ ಬಣ್ಣವನ್ನು ಒಂಬತ್ತು ಎಳೆಪಟ್ಟಿಗಳಿಂದ ಹದಗೊಳಿಸಬಹುದು. ಪ್ರತಿಯೊಂದಕ್ಕೂ ಮೌನವೂ ಸೇರಿ ಒಂಬತ್ತು ಸ್ಥಾನಗಳು. ಲೆಕ್ಕ ಹಾಕಿದರೆ ೩೮ ಕೋಟಿಗೂ ಮಿಗಿಲಾದ ಜೋಡಣೆಗಳು. ಇಷ್ಟನ್ನು ನುಡಿಸುತ್ತ ನುಡಿಸುತ್ತ ಹೊಂದಿಸುವುದು ಹೇಗೆ? ಹ್ಯಾಮಂಡನು ಕೀಸಾಲಿನ ಎಡತುದಿಯಲ್ಲಿ ಬಿಳಿಗೆ ಕಪ್ಪು, ಕಪ್ಪಿಗೆ ಬಿಳಿ ಎಂದು ಬಣ್ಣ ತಿರುವಿದ ಹನ್ನೆರಡು ಕೀಗಳನ್ನಿಟ್ಟನು. ಅವು ಸ್ವರ ನುಡಿಯುವುದಿಲ್ಲ; ಅವುಗಳಲ್ಲಿ ಹೆಚ್ಚಿನವು ಸಿದ್ಧವಾದ ಒಂದೊಂದು ಬಣ್ಣವನ್ನು ಕರೆಯುತ್ತವೆ. ಆ ಸಿದ್ಧ ಬಣ್ಣವನ್ನು ತಿದ್ದಬೇಕಾದರೆ ಪೆಟ್ಟಿಗೆಯ ಹಿಂಬದಿಯನ್ನು ತೆರೆದು ತಂತಿಗಳನ್ನು ಬಿಚ್ಚಿ ಕಟ್ಟಬೇಕಾಗಿತ್ತು. ಹೀಗಿದ್ದರೂ ಜಿಮ್ಮಿ ಸ್ಮಿತ್‌ನಂಥ ವಾದಕರು ಅದೇ ವಾದ್ಯದ ಎಳೆಪಟ್ಟಿಗಳ ಮೇಲೆಯೇ ಕೈಯಾಡಿಸಿ, ನಾದ ನಿಲ್ಲದಂತೆ ಬಣ್ಣವನ್ನು ತಿರುವುತ್ತ, ಜಾಜ್ ಸಂಗೀತಕ್ಕೆ ಹೊಸದೊಂದು ದನಿಯನ್ನೇ ಕೊಟ್ಟರು.

ಇಂಗ್ಲೆಂಡಿನಲ್ಲಿ ೧೯೬೩ರಲ್ಲಿ ಬಂದ ಮೆಲೋಟ್ರಾನ್ ವಾದ್ಯದಲ್ಲಿ ಒಂದೊಂದು ಕೀಗೂ ಒಂದೊಂದು ಧ್ವನಿಮುದ್ರಿತ ಟೇಪು. ಕೀ ಒತ್ತಿದರೆ ನಿಜವಾದ ಪಿಟೀಲಿನ ಮುದ್ರಿತ ಸ್ವರ ಎಂಟು ಸೆಕೆಂಡುಗಳ ಕಾಲ ಕೇಳುತ್ತದೆ. ಆಮೇಲೆ ಟೇಪು ಹಿಂದಕ್ಕೆ ಸರಿಯಬೇಕು. ಮರುವರ್ಷ, ೧೯೬೪ರಲ್ಲಿ, ಅಮೆರಿಕದ ರಾಬರ್ಟ್ ಮೂಗ್ ತನ್ನ ಸಿಂಥಸೈಸರನ್ನು ರೂಪಿಸಿದನು. ಇಲ್ಲಿ ದನಿಯನ್ನು ಯಾವ ಕೊಳವೆಯಿಂದಲೂ ಟೇಪಿನಿಂದಲೂ ತರುವುದಿಲ್ಲ, ವಿದ್ಯುತ್ತಿನಿಂದ ಕಟ್ಟುತ್ತಾರೆ. ಒಂದು ಘಟಕ ಕಂಪನವನ್ನು ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಸೋಸುತ್ತದೆ, ಮತ್ತೊಂದು ಅದರ ಏರಿಳಿತವನ್ನು ಆಳುತ್ತದೆ. ಘಟಕಗಳನ್ನು ಒಂದಕ್ಕೊಂದು ಕೂಡಿಸಲು ಹಳೆಯ ಟೆಲಿಫೋನ್ ವಿನಿಮಯ ಕೇಂದ್ರದಲ್ಲಿದ್ದಂತೆ ಚುಚ್ಚುವ ತಂತಿಗಳು. ಅವಕ್ಕೆ ‘ಪ್ಯಾಚ್’ ತಂತಿಗಳೆಂದು ಹೆಸರು. ತಂತಿಗಳೇ ಇಲ್ಲದ ಇಂದಿನ ವಾದ್ಯಗಳಲ್ಲಿಯೂ ಒಂದು ದನಿಯನ್ನು ‘ಪ್ಯಾಚ್’ ಎಂದೇ ಕರೆಯುವುದು ಅದರಿಂದಲೇ. ಪದ ಉಳಿಯಿತು, ವಸ್ತು ಹೋಯಿತು. ಭಾಷೆಯಲ್ಲಿ ಇದು ಹೊಸತಲ್ಲ.

ತಂತಿ ಕಿತ್ತು ತಂತಿ ಚುಚ್ಚುವುದಕ್ಕೆ ನಿಮಿಷಗಳು ಹಿಡಿಯುತ್ತವೆ, ಸಭಿಕರು ಕಾಯುವುದಿಲ್ಲ. ೧೯೬೯ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದ ಉದ್ಯಾನದಲ್ಲಿ ನಡೆದ ಕಛೇರಿಗಾಗಿ ಮೂಗ್, ಮೊದಲೇ ಹೊಂದಿಸಿಟ್ಟ ದನಿಗಳನ್ನು ಗುಂಡಿಯಿಂದ ಕರೆಯುವ ಏರ್ಪಾಡು ಮಾಡಿದನು. ೧೯೭೦ರ ಮಿನಿಮೂಗ್ ವಾದ್ಯದಲ್ಲಿ ತಂತಿಗಳೇ ಮಾಯವಾಗಿ ತಿರುಗಿಸುವ ಗುಬಟುಗಳು ಮಾತ್ರ ಉಳಿದವು. ಆದರೆ ವಾದ್ಯಕ್ಕೆ ನೆನಪಿರಲಿಲ್ಲ. ವಾದಕರು ಕಾಗದದ ಮೇಲೆ ಗುಬಟುಗಳ ಚಿತ್ರ ಬರೆದು, ಯಾವ ಹಾಡಿಗೆ ಯಾವ ಗುಬಟು ಎಲ್ಲಿ ನಿಲ್ಲಬೇಕೆಂದು ಗುರುತು ಹಾಕಿಟ್ಟುಕೊಳ್ಳುತ್ತಿದ್ದರು. ಹಣವಿದ್ದವರು ಬೇರೆ ದಾರಿ ಹಿಡಿದರು. ರಿಕ್ ವೇಕ್‌ಮನ್‌ನಂಥ ವಾದಕರು ವೇದಿಕೆಯ ಮೇಲೆ ಸುತ್ತಲೂ ವಾದ್ಯಗಳ ಕೋಟೆಯನ್ನೇ ಕಟ್ಟಿಕೊಂಡು, ದನಿ ಬದಲಾಗಬೇಕಾದಾಗ ತಾವೇ ಈ ವಾದ್ಯದಿಂದ ಆ ವಾದ್ಯಕ್ಕೆ ತಿರುಗುತ್ತಿದ್ದರು. ನೂರಾರು ವರ್ಷಗಳ ಹಿಂದಿನ ಅಂತಸ್ತಿನ ಉಪಾಯವೇ ಮತ್ತೆ ಬಂದಿತಲ್ಲವೆ?

ಯಂತ್ರಕ್ಕೆ ನೆನಪು ಬಂದ ಬಗೆ ಕುತೂಹಲಕರವಾಗಿದೆ. ೧೯೭೦ರ ದಶಕದ ಉತ್ತರಾರ್ಧದ ಯಮಾಹಾ ಸಿ.ಎಸ್.-೮೦ ವಾದ್ಯದ ಒಂದು ಮುಚ್ಚಳದ ಕೆಳಗೆ, ಮೇಲಿನ ಸರಿಗುಬಟುಗಳದೇ ಅತಿ ಸಣ್ಣ ಪ್ರತಿಕೃತಿಗಳು ನಾಲ್ಕು ತಂಡವಾಗಿ ಇದ್ದವು. ಕಛೇರಿಗೆ ಮೊದಲು ಆ ಪುಟ್ಟ ಗುಬಟುಗಳನ್ನು ಹೊಂದಿಸಿಟ್ಟರೆ ನಾಲ್ಕು ದನಿಗಳು ‘ನೆನಪಿನಲ್ಲಿ’ ಉಳಿದವು. ನಿಜವಾದ ತಿರುವು ೧೯೭೮ರದು. ಅಮೆರಿಕದ ಡೇವ್ ಸ್ಮಿತ್ ‘ಪ್ರಾಫೆಟ್-೫’ ಎಂಬ ವಾದ್ಯದೊಳಗೆ ಒಂದು ಗಣಕದ ಮಿದುಳನ್ನು, ಎಂದರೆ ಮೈಕ್ರೋಪ್ರೊಸೆಸರನ್ನು, ಕೂರಿಸಿದನು. ಅದು ಪ್ರತಿ ಗುಬಟಿನ ಸ್ಥಾನವನ್ನು ಅಳೆದು ಅಂಕಿಯಾಗಿ ಬರೆದಿಡುತ್ತದೆ. ಗುಂಡಿ ಒತ್ತಿದಾಗ ಆ ಅಂಕಿಯನ್ನು ಓದಿ ಮತ್ತೆ ವಿದ್ಯುತ್ತಿನ ಒತ್ತಡವಾಗಿ ಮಾರ್ಪಡಿಸುತ್ತದೆ. ಹೀಗೆ ೪೦ ದನಿಗಳನ್ನು ಇಟ್ಟುಕೊಳ್ಳಬಹುದಾಗಿತ್ತು. ಗುಬಟು ಒಂದು ಕಡೆ ತೋರಿಸುತ್ತಿರುತ್ತದೆ, ದನಿ ಇನ್ನೊಂದು ಕಡೆ ಇರುತ್ತದೆ. ಕಣ್ಣಿಗೆ ಕಂಡದ್ದಕ್ಕೂ ಕಿವಿಗೆ ಕೇಳಿದ್ದಕ್ಕೂ ಸಂಬಂಧ ತಪ್ಪಿದ್ದು ಆಗಲೇ.

ಅದೇ ಸ್ಮಿತ್‌ನೂ ಜಪಾನಿನ ರೋಲಂಡ್ ಕಂಪೆನಿಯ ಇಕುಟಾರೋ ಕಾಕೆಹಾಶಿಯೂ ಇತರ ತಯಾರಕರೊಡನೆ ಕೂಡಿ, ಬೇರೆ ಬೇರೆ ಕಂಪೆನಿಗಳ ವಾದ್ಯಗಳು ಪರಸ್ಪರ ಮಾತನಾಡಲು ಒಂದು ಸಾಮಾನ್ಯ ಭಾಷೆಯನ್ನು ಏರ್ಪಡಿಸಿದರು. ಅದಕ್ಕೆ ‘ಮಿಡಿ’ ಎಂದು ಹೆಸರು. ೧೯೮೩ರಲ್ಲಿ ಅದು ಲೋಕದ ಮುಂದೆ ಬಂತು. ಅದರಲ್ಲಿ ದನಿ ಬದಲಿಸುವ ಅಪ್ಪಣೆಗೆ ಎರಡೇ ಪದಗಳು: ‘ಬದಲಿಸು’ ಎಂಬುದೊಂದು, ‘ಇಂಥ ಸಂಖ್ಯೆಗೆ’ ಎಂಬುದೊಂದು. ಸಂಖ್ಯೆಗಳು ೧೨೮. ತಂತಿಯ ಮೇಲೆ ಈ ಅಪ್ಪಣೆ ಹೋಗಿ ಮುಟ್ಟಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಡ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಕಣ್ಣೆವೆ ಇಡುವಷ್ಟು ಹೊತ್ತು ಎಂದು ಎಣಿಸಿದ ನಮ್ಮ ಹಿರಿಯರ ಲೆಕ್ಕಕ್ಕೂ ಇದು ಸಿಕ್ಕದು. ಅದೇ ವರ್ಷ ಬಂದ ಯಮಾಹಾ ಡಿ.ಎಕ್ಸ್.-೭ ವಾದ್ಯ ೩೨ ದನಿಗಳನ್ನು ಒಳಗಿಟ್ಟುಕೊಂಡು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಯಿತು.

ವೇಗ ಬಂತು, ಅದರೊಡನೆ ತಪ್ಪೂ ಅಷ್ಟೇ ವೇಗವಾಗಿ ಬಂತು. ೧೯೯೧ರಲ್ಲಿ ೧೨೮ ದನಿಗಳಿಗೆ ಎಲ್ಲರೂ ಒಪ್ಪಿದ ಒಂದು ಕ್ರಮಪಟ್ಟಿ ಗೊತ್ತಾಯಿತು. ನಮ್ಮ ಸಿತಾರಿಗೂ ಶಹನಾಯಿಗೂ ಅದರಲ್ಲಿ ಸ್ಥಾನ ದೊರೆಯಿತು. ಸಿತಾರು ೧೦೫, ಶಹನಾಯಿ ೧೧೨. ಆದರೆ ಕೆಲವು ಯಂತ್ರಗಳು ಒಂದರಿಂದ ಎಣಿಸುತ್ತವೆ, ಕೆಲವು ಸೊನ್ನೆಯಿಂದ. ಲೆಕ್ಕ ಒಂದು ಮನೆ ಜಾರಿದರೆ ಸಿತಾರಿನ ಜಾಗದಲ್ಲಿ ಬ್ಯಾಂಜೋ ನುಡಿಯುತ್ತದೆ, ಶಹನಾಯಿಯ ಜಾಗದಲ್ಲಿ ಕಿರುಗಂಟೆ ಕಿಣಿಗುಟ್ಟುತ್ತದೆ. ಮದುವೆಯ ಮಂಟಪದಲ್ಲಿ ಹೀಗಾದರೆ ವಾದಕನ ಮುಖ ಎಲ್ಲಿ ಇಟ್ಟುಕೊಳ್ಳಬೇಕು! ಹಿಂದಿನ ಸಹಾಯಕನು ತಪ್ಪಿದರೆ ಅರ್ಧ ತಪ್ಪು ಅವನದು. ಈಗ ತಪ್ಪೆಲ್ಲ ಒಬ್ಬನದೇ.

ಇನ್ನೊಂದು ತೊಡಕನ್ನು ವ್ಯಾಕರಣದ ಮಾತಿನಲ್ಲಿ ಹೇಳಿದರೆ ಸುಲಭವಾಗುತ್ತದೆ. ಸಂಧಿಯಲ್ಲಿ ಲೋಪ, ಆಗಮ, ಆದೇಶ ಎಂದು ಮೂರು ಬಗೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆದಾಗ ಒಂದು ಸ್ವರ ಬಿದ್ದುಹೋಗುತ್ತದೆ. ಮೊದಮೊದಲ ವಾದ್ಯಗಳಲ್ಲಿ ದನಿ ಬದಲಿಸಿದೊಡನೆ ಹಿಂದಿನ ಸ್ವರದ ಅನುರಣನ ಹೀಗೆಯೇ ತಟ್ಟನೆ ಕತ್ತರಿಸಿಹೋಗುತ್ತಿತ್ತು, ಇದು ಲೋಪ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾದಾಗ ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ, ಹಿಡಿದಿದ್ದ ಸ್ವರವೇ ನಡುವೆ ಬಣ್ಣ ಬದಲಿಸಿಬಿಡುವುದು ಇಂಥ ಆದೇಶ. ‘ಮನೆ’ಗೆ ‘ಅನ್ನು’ ಸೇರುವಾಗ ನಡುವೆ ಯಕಾರ ಬಂದು ‘ಮನೆಯನ್ನು’ ಆಗುತ್ತದಲ್ಲ, ಅದರಂತೆ ಮೊದಲನೆಯದು ಉಳಿದಿರುವಂತೆಯೇ ಎರಡನೆಯ ದನಿ ಬಂದು ಕೂಡಿಕೊಳ್ಳುವುದು ಆಗಮ. ಆದೇಶ ಶತ್ರುವಿನಂತೆ, ಆಗಮ ಮಿತ್ರನಂತೆ ಎಂಬ ವೈಯಾಕರಣರ ಮಾತು ಇಲ್ಲಿಯೂ ಸಲ್ಲುತ್ತದೆ.

ಅನುಭವಿಗಳಾದ ವಾದಕರು ಹಿಡಿದ ದಾರಿಯೆಲ್ಲ ಈ ಮಿತ್ರಲಾಭದ್ದೇ. ಕೀಸಾಲನ್ನು ಎರಡು ಮೂರು ಹೋಳುಮಾಡಿ ಎಡಕ್ಕೆ ಪಿಟೀಲು, ಬಲಕ್ಕೆ ಕೊಳಲು ಇಟ್ಟುಕೊಂಡರೆ ಬದಲಾವಣೆಯೇ ಬೇಡ, ಕೈ ಸರಿದರೆ ಸಾಕು. ಎರಡು ದನಿಗಳನ್ನು ಒಂದರ ಮೇಲೊಂದು ಹಾಸಿ, ಒಂದನ್ನು ಕಾಲಿನ ಪೆಡಲಿನಿಂದ ಮೌನವಾಗಿಟ್ಟು, ಬೇಕಾದಾಗ ಮೆಲ್ಲನೆ ಏರಿಸಬಹುದು. ಕವಾಯೇ-ಕೋಲ್ ಗಾಳಿಯನ್ನು ತಡೆದಿಟ್ಟದ್ದನ್ನು ಇಲ್ಲಿ ನೆನೆಯಬೇಕು. ಹಾಡಿನ ಕ್ರಮದಂತೆ ದನಿಗಳನ್ನು ಸಾಲಾಗಿ ಪೋಣಿಸಿಟ್ಟು, ಕಾಲಿನ ಬಳಿಯ ಗುಂಡಿಯನ್ನು ಒಂದೊಂದು ಸಲ ಮೆಟ್ಟಿದಂತೆ ಮುಂದಿನದು ಬರುವಂತೆಯೂ ಮಾಡಬಹುದು. ೨೦೦೭ರಲ್ಲಿ ಆಪಲ್ ಕಂಪೆನಿಯ ‘ಮೇನ್‌ಸ್ಟೇಜ್’ ತಂತ್ರಾಂಶ ಇದನ್ನು ಗಣಕಕ್ಕೆ ತಂದಿತು. ೨೦೧೧ರ ಕಾರ್ಗ್ ಕ್ರೋನೋಸ್ ವಾದ್ಯದಲ್ಲಿ ಹಿಂದಿನ ದನಿ ಸಹಜವಾಗಿ ಕರಗುತ್ತಿರುವಾಗಲೇ ಮುಂದಿನದು ಏಳುವ ಏರ್ಪಾಡಾಯಿತು. ಲೋಪದೋಷ ಬಹುಮಟ್ಟಿಗೆ ನೀಗಿತು.

ಹಾರ್ಮೋನಿಯಮ್ಮಿನ ಮೇಲಿದ್ದ ಹಳೆಯ ಆಕ್ಷೇಪ ಏನಾಯಿತು? ಇಂದಿನ ಕ‌ೀಬೋರ್ಡುಗಳ ಎಡಪಕ್ಕದಲ್ಲಿ ಒಂದು ಪುಟ್ಟ ಚಕ್ರವಿರುತ್ತದೆ. ಅದನ್ನು ಮಿಡಿದರೆ ಸ್ವರ ಮೇಲಕ್ಕೂ ಕೆಳಕ್ಕೂ ಜಾರುತ್ತದೆ. ಚೆನ್ನೈನ ಕೆ. ಸತ್ಯನಾರಾಯಣನ್ ಅವರಂಥವರು ಈ ಚಕ್ರದ ನೆರವಿನಿಂದ ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿ ತೋರಿಸಿದ್ದಾರೆ. ಬಲಗೈ ಸ್ವರಕ್ಕೆ, ಎಡಗೈ ಗಮಕಕ್ಕೆ. ತಿದಿಯಿಂದ ಬಿಡುಗಡೆಯಾದ ಕೈ ಕೊನೆಗೂ ಗಮಕದ ಊಳಿಗಕ್ಕೆ ಬಂತು. ಅಂಥ ವಾದಕನು ಕಛೇರಿಯುದ್ದಕ್ಕೂ ಬಣ್ಣ ಬದಲಿಸುವ ಗೋಜಿಗೆ ಹೋಗಬೇಕಾಗಿಲ್ಲವೆಂಬುದೂ ಗಮನಿಸತಕ್ಕದ್ದು.

ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಲಾಭನಷ್ಟ ಎರಡೂ ಕಾಣುತ್ತವೆ. ಒಬ್ಬ ಬಡ ವಾದಕ ಒಂದೇ ವಾದ್ಯದಿಂದ ಇಡೀ ಮೇಳದ ಕೆಲಸ ಮಾಡಬಲ್ಲ. ಸಣ್ಣ ಊರಿನ ಉತ್ಸವಕ್ಕೂ ಪಿಟೀಲುಗಳ ಸಮೂಹ ಬಂದಂತಾಯಿತು. ಇದು ಲಾಭ. ಅದೇ ಕಾರಣಕ್ಕೆ ಆ ಊರಿನ ಕೊಳಲಿನವನಿಗೂ ಪಿಟೀಲಿನವನಿಗೂ ಕರೆ ಕಡಿಮೆಯಾಯಿತು. ವಾಕ್ಚಿತ್ರ ಬಂದಾಗ ಆರ್ಗನ್ ವಾದಕನಿಗೆ ಆದದ್ದೇ ಕೀಬೋರ್ಡು ಬಂದಾಗ ಇವರಿಗೂ ಆಯಿತು. ಇದು ನಷ್ಟ. ಇನ್ನೊಂದು ನಷ್ಟ ಕಣ್ಣಿಗೆ ಕಾಣದ್ದು. ೧೯೮೦ರ ಸುಮಾರಿನ ವಾದ್ಯಗಳಲ್ಲಿ ದನಿಗಳ ನೆನಪನ್ನು ಕಾಯುತ್ತಿದ್ದುದು ಒಳಗಿನ ಒಂದು ಪುಟ್ಟ ಬ್ಯಾಟರಿ. ಅದು ಸತ್ತರೆ ವಾದಕ ವರ್ಷಗಟ್ಟಲೆ ಕಟ್ಟಿದ ದನಿಗಳೂ ಅದರೊಡನೆ ಹೋದವು. ಅಕ್ವಿಂಕಮ್ಮಿನ ಕೊಳವೆಗಳು ಸಾವಿರದ ಏಳುನೂರು ವರ್ಷ ಮಣ್ಣಿನಲ್ಲಿದ್ದರೂ ತಮ್ಮ ಅಳತೆಯನ್ನು ಹೇಳಿದವು. ಯಂತ್ರದ ನೆನಪು ಬ್ಯಾಟರಿಯ ಆಯುಸ್ಸನ್ನು ಮೀರಲಿಲ್ಲ. ಕಾಗದದ ಮೇಲೆ ಗುಬಟಿನ ಗುರುತು ಬರೆದಿಟ್ಟುಕೊಂಡ ಮಿನಿಮೂಗ್ ವಾದಕನೇ ಜಾಣ. ನಮ್ಮ ಊರುಗಳ ವಾದಕರೂ ತಾವು ರೂಪಿಸಿದ ದನಿಗಳ ವಿವರವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯದು. ಒಂದು ತಲೆಮಾರಿನ ಸುಗಮ ಸಂಗೀತ ಹೇಗೆ ಕೇಳಿಸುತ್ತಿತ್ತೆಂಬುದಕ್ಕೆ ಮುಂದೆ ಅದೇ ಶಾಸನವಾದೀತು.

ಕೊನೆಯದಾಗಿ ಕೇಳುವವರಿಗೆ ಒಂದು ಸೂಚನೆ. ಮುಂದಿನ ಸಲ ವಾದ್ಯಗೋಷ್ಠಿಯನ್ನು ಕೇಳುವಾಗ ದನಿ ಬದಲಾಗುವ ಕ್ಷಣಕ್ಕೆ ಕಿವಿಗೊಡಿ. ಯಂತ್ರ ಆ ಕೆಲಸವನ್ನು ಕಣ್ಣೆವೆಯೊಳಗೆ ಮಾಡುತ್ತದೆ, ಸಂದೇಹವಿಲ್ಲ. ಆದರೆ ಯಾವ ಸ್ವರದ ಮೇಲೆ ಕೊಳಲು ಸುಮ್ಮನಾಗಬೇಕು, ಅದರ ಉಸಿರು ಆರಿದ ಮೇಲೆ ಎಷ್ಟು ಮೌನ ಬಿಡಬೇಕು, ಪಿಟೀಲು ಎದ್ದುಬರುವುದೋ ಮೆಲ್ಲನೆ ಹೊಗುವುದೋ ಎಂಬುದನ್ನು ನಿಶ್ಚಯಿಸುವವನು ವಾದಕನೇ. ಅವನು ಕಛೇರಿಗೆ ಮುಂಚೆ ಮನೆಯಲ್ಲಿ ಕುಳಿತು ಮಾಡಿದ ಯೋಚನೆ ಅಲ್ಲಿ ಕೇಳಿಸುತ್ತದೆ. ಸಂಧಿಯ ನಿಯಮವನ್ನು ಯಾರು ಬೇಕಾದರೂ ಕಲಿತಾರು. ಎಲ್ಲಿ ಸಂಧಿ ಮಾಡಬೇಕು, ಎಲ್ಲಿ ಪದಗಳನ್ನು ಬಿಡಿಯಾಗಿ ಬಿಡಬೇಕು ಎಂಬುದು ನುಡಿಬಲ್ಲವನಿಗೆ ಮಾತ್ರ ತಿಳಿದ ವಿಷಯ.